ಯಂತ್ರದ ಮುಂದೆ ಇಬ್ಬರು

1935ರಿಂದ ನಿಜಾಮ ಸರಕಾರದ ಆಶ್ರಯದಲ್ಲಿ ನಡೆದು, 1950ರ ಏಪ್ರಿಲ್ 1ರಂದು ಆಕಾಶವಾಣಿಯಲ್ಲಿ ವಿಲೀನವಾದ ಹೈದರಾಬಾದಿನ ಡೆಕ್ಕನ್ ರೇಡಿಯೋ, ಉರ್ದುವಿಗೆ ಅಗ್ರಪೀಠವನ್ನಿತ್ತಿದ್ದರೂ, ತೆಲುಗು, ಮರಾಠಿ, ಕನ್ನಡಗಳಿಗೂ ತನ್ನ ವೇಳೆಯಲ್ಲಿ ಅಷ್ಟಿಷ್ಟು ಪಾಲು ಕೊಡುತ್ತಿತ್ತು. ಆ ಕಾಲದ ರೇಡಿಯೋ ಪೆಟ್ಟಿಗೆಯಲ್ಲಿ ಇಂದಿನ ಸಾಧನಗಳಲ್ಲಿ ಕಾಣದ ಒಂದು ಗುಣವಿತ್ತು. ಏನೆಂದರೆ, ಬೆಲೆ ಹೆಚ್ಚಾದುದರಿಂದ ಮನೆಗೊಂದೇ ಇದ್ದ ಆ ಪೆಟ್ಟಿಗೆಯಿಂದ ತಂದೆಗೆ ಬೇಕಾದ ವಾರ್ತೆಯನ್ನು ಮಗನೂ, ಮಗನಿಗೆ ಬೇಕಾದ ಗಾಯನವನ್ನು ತಂದೆಯೂ, ಮನಸ್ಸಿದ್ದರೂ ಇಲ್ಲದಿದ್ದರೂ, ಕೂಡಿಯೇ ಕೇಳಬೇಕಾಗುತ್ತಿತ್ತು. ಇಂದಾದರೋ ಒಂದೇ ಕೋಣೆಯಲ್ಲಿ ನಾಲ್ವರು ನಾಲ್ಕು ಪರದೆಗಳನ್ನು ಹಿಡಿದು ನಾಲ್ಕು ಲೋಕಗಳಲ್ಲಿ ಸಂಚರಿಸುತ್ತಿರುವರು. ಯಂತ್ರವು ಮಕ್ಕಳನ್ನು ಹೆತ್ತವರಿಂದ ಅಗಲಿಸಿತೆಂಬ ದೂರನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ತಲೆಗೊಂದು ಯಂತ್ರವೆಂಬ ಅನುಕೂಲವೇ ಆ ಅಗಲಿಕೆಯ ಮೂಲವೆಂದು ನನ್ನ ಎಣಿಕೆ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್ 1ರಿಂದ, ತೆಲಂಗಾಣ ಸರಕಾರವು ಟಿ-ಸ್ಯಾಟ್ ಮತ್ತು ದೂರದರ್ಶನ ಯಾದಗಿರಿ ವಾಹಿನಿಗಳಲ್ಲಿ ಪಾಠಗಳನ್ನು ಬಿತ್ತರಿಸತೊಡಗಿ, ಮನೆಯ ಪರದೆ ಮತ್ತೆ ಎಲ್ಲರದಾದಾಗ, ಮಕ್ಕಳು ಶಾಲೆಯಲ್ಲಿ ಏನು ಓದುತ್ತಿರುವರೆಂಬುದು ಹಲವು ತಂದೆಯರಿಗೆ ಮೊದಲ ಬಾರಿಗೆ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಈ ವಿಚಾರವನ್ನು ಪರಿಶೀಲಿಸಲು ಹೈದರಾಬಾದಿನ ಕನ್ನಡ ಮನೆಗಳು ತಕ್ಕ ಸ್ಥಳ. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರುಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೂ ಹಳೆಯ ರಾಜಧಾನಿಯಲ್ಲಿಯೇ ನೆಲೆನಿಂತು, ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳ ನೆರಳಿನಲ್ಲಿ ಬೆಳೆದ ಕುಟುಂಬಗಳು ಒಂದು ಕಡೆ. 1998ರಲ್ಲಿ ನಗರದ ಮಾದಾಪುರದಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಸೌಧ ತಲೆಯೆತ್ತಿದಂದಿನಿಂದ ಉದ್ಯೋಗನಿಮಿತ್ತವಾಗಿ ಬಂದ ದಂಪತಿಗಳು ಇನ್ನೊಂದು ಕಡೆ. ಇವರಿಗೆಲ್ಲ ಮನೆ ಕಟ್ಟಿಕೊಡಲು ರಾಯಚೂರು, ಯಾದಗಿರಿಗಳ ಕಡೆಯಿಂದ ಗುಳೆ ಬರುವವರು ಮತ್ತೊಂದು ಕಡೆ. ಸಾಲಿ ತಪ್ಪಬಾರದೆಂದು ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಈ ಕಡೆಯವರಿಗೆ ಫೋನು ವಿನೋದದ ವಸ್ತುವಲ್ಲ, ದಿನದ ದುಡಿಮೆ ಮುಗಿದ ಮೇಲೆ, “ಉಂಡೇನು? ಸಾಲಿಗಿ ಹೋಗಿದ್ದಿ ಇಲ್ಲೊ?” ಎಂದು ಕೇಳಿ, ಆಚೆಯಿಂದ ಬರುವ ಉತ್ತರದ ದನಿಯಲ್ಲಿಯೇ ಸುಳ್ಳುನಿಜಗಳನ್ನು ಅಳೆದು ನೋಡುವ ತಾಯಿಗೆ ಉಳಿದಿರುವ ಏಕಮಾತ್ರ ಅಧಿಕಾರ ಅದು. ಅದರಿಂದ ಮಗುವಿನ ಜ್ವರದ ಹಣೆಯನ್ನು ಮುಟ್ಟಿನೋಡಲಾಗದೆಂಬುದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಪರದೆಯ ಮೂಲಕ ಸಾಗುವುದೇನು, ಸಾಗದಿರುವುದೇನು? ಅಮೆರಿಕದ ವಿದುಷಿ ಪೆಟ್ರೀಶಿಯಾ ಕೂಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ 9 ತಿಂಗಳ ಶಿಶುಗಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ಭಾಷೆಯ ಧ್ವನಿಭೇದಗಳನ್ನು ಗ್ರಹಿಸಿದವು. ಅದೇ ಮಾತುಗಳನ್ನು ಚಿತ್ರಮುದ್ರಿಕೆಯಲ್ಲಿ ತೋರಿಸಿದಾಗ ಗ್ರಹಿಸಲಿಲ್ಲ. ಇದರಿಂದ ದೋಷವೆಲ್ಲ ಪರದೆಯದೇ ಎಂದು ತೀರ್ಮಾನಿಸುವುದು ಸುಲಭ. ಆದರೆ ಸಾರಾ ರೋಸ್‌ಬೆರಿ ಮೊದಲಾದವರು 2014ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, 24ರಿಂದ 30 ತಿಂಗಳ ಮಕ್ಕಳು, ಪರದೆಯ ಆಚೆಯಲ್ಲಿದ್ದರೂ ತಮ್ಮ ನೋಟಕ್ಕೂ ಮಾತಿಗೂ ಆಗಿಂದಾಗಲೇ ಮರುನುಡಿಯುತ್ತಿದ್ದವರಿಂದ ಹೊಸ ಕ್ರಿಯಾಪದಗಳನ್ನು ಕಲಿತರು. ಮರುನುಡಿಯದ ಮುದ್ರಿತ ಮುಖದಿಂದ ಕಲಿಯಲಿಲ್ಲ. ಗಾಜಿನ ಅಡ್ಡಿಗಿಂತ ಉತ್ತರದ ಅಭಾವವೇ ದೊಡ್ಡ ಅಡ್ಡಿಯೆಂದಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2016ರಲ್ಲಿ, 18 ತಿಂಗಳಿಗೆ ಮೊದಲು ಪರದೆ ಬೇಡವೆನ್ನುವಾಗ ವಿಡಿಯೋ ಕರೆಯೊಂದನ್ನು ಹೊರತುಪಡಿಸಿತು. ಕಲಬುರಗಿಯ ಅಜ್ಜಿ ಮಾದಾಪುರದ ಮೊಮ್ಮಗುವಿನೊಡನೆ ಕಣ್ಣಾಮುಚ್ಚಾಲೆಯಾಡುವುದಕ್ಕೆ ಅಷ್ಟರಮಟ್ಟಿಗೆ ಶಾಸ್ತ್ರದ ಅಪ್ಪಣೆಯೂ ದೊರೆತಂತಾಯಿತು. ಅಜ್ಜಿ ಅದಕ್ಕಾಗಿ ಕಾದಿರಲಿಲ್ಲವೆನ್ನುವುದು ಬೇರೆ ಮಾತು.

ಮಗು ದೊಡ್ಡದಾದಂತೆ ಗುರುಶಿಷ್ಯರ ಸ್ಥಾನಗಳು ಪಲ್ಲಟವಾಗುತ್ತವೆ. ಫೋನಿನಲ್ಲಿ ಕನ್ನಡ ಕೀಲಿಮಣೆಯನ್ನು ಅಳವಡಿಸಲು ಬಲ್ಲ ಹುಡುಗಿಗೆ ಅದರ ಅಕ್ಷರಗಳು ಬಾರವು. ಅಕ್ಷರ ಬಲ್ಲ ತಂದೆಗೆ ಅಳವಡಿಸುವ ಬಗೆ ತಿಳಿಯದು. ಇಂಥ ಪರಸ್ಪರಾವಲಂಬನೆಯನ್ನು ನಾನು ದೊಡ್ಡ ಭಾಗ್ಯವೆಂದೆಣಿಸುತ್ತೇನೆ, ಏತಕ್ಕೆಂದರೆ ಇಬ್ಬರಲ್ಲಿ ಒಬ್ಬರು ಎದ್ದುಹೋದರೆ ಕೆಲಸ ನಿಂತುಹೋಗುವುದು. ತೆಲಂಗಾಣದಲ್ಲಿ 2018ರ ಕಾನೂನಿನ ಮೂಲಕ ಶಾಲೆಗಳಲ್ಲಿ ತೆಲುಗು ಕಡ್ಡಾಯವಾದುದು ಈ ಆಟಕ್ಕೆ ಇನ್ನಷ್ಟು ಸೊಗಸನ್ನು ಕೂಡಿಸಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಉಚಿತ ಕಥಾಕೋಶದಲ್ಲಿ, ಒಂದೇ ಚಿತ್ರಕಥೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ದೊರೆಯುವುದುಂಟು. ಎರಡು ಲಿಪಿಗಳೂ ಪುರಾತನವಾದ ಒಂದೇ ಲಿಪಿಯಿಂದ ಒಡೆದು ಬಂದವಾದುದರಿಂದ, ಶಾಲೆಯ ತೆಲುಗನ್ನು ನೆಚ್ಚಿ ಕನ್ನಡದ ಪುಟಕ್ಕಿಳಿದ ಮಗಳು ‘ಗ’, ‘ಮ’, ‘ಲ’ಗಳಲ್ಲಿ ಲೀಲೆಯಿಂದ ಗೆದ್ದು, ‘ಕ’, ‘ತ’ಗಳ ಬಳಿ ಬಂದೊಡನೆ ಮುಗ್ಗರಿಸಿ ತಂದೆಯ ಮುಖ ನೋಡುವಳು. ತೆಲುಗಿನ ಪುಟ ಬಂದಾಗ ಸರದಿ ತಂದೆಯದು. ಅಲ್ಲಿ ಅವನು ಅವವೇ ಅಕ್ಷರಗಳಲ್ಲಿ ಎಡವಿ, ಮಗಳಿಂದ ತಲೆಕಟ್ಟಿನ ಭೇದವನ್ನು ಹೇಳಿಸಿಕೊಂಡು, ವರ್ಷಗಳಿಂದ ಕೇವಲ ಸಂಖ್ಯೆಯ ಬಲದಿಂದ ಹತ್ತುತ್ತಿದ್ದ ಬಸ್ಸುಗಳ ಫಲಕಗಳನ್ನು ಓದತೊಡಗುವನು.