ಮಲಾಕ್ಕಾ: ಅರ್ಧ ದಿನದ ಭೇಟಿ, ವರ್ತಕರಿಗೊಂದು ಪಾಠ

ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸುವ ವರ್ತಕರಿಗೆ ಒಂದು ಹಗಲಿನ ಬಿಡುವಿದ್ದಲ್ಲಿ, ಸುಮಾರು ಎರಡು ಗಂಟೆಗಳ ರಸ್ತೆ ಪ್ರಯಾಣದಲ್ಲಿ ಮಲಾಕ್ಕಾ ತಲುಪಬಹುದು. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ನಗರದಲ್ಲಿ ಚೀನೀ ದೇವಾಲಯ, ಕಂಪುಂಗ್ ಕ್ಲಿಂಗ್ ಮಸೀದಿ ಹಾಗೂ ವಿನಾಯಕನ ಗುಡಿ ಕೆಲವೇ ಹೆಜ್ಜೆಗಳ ಅಂತರದಲ್ಲಿವೆ.

ಈ ಸಹಬಾಳ್ವೆಯ ಬುನಾದಿ ವ್ಯಾಪಾರವೇ. 15ನೆಯ ಶತಮಾನದಲ್ಲಿ ಬೆಳೆದ ಸುಲ್ತಾನರ ಆಡಳಿತದಲ್ಲಿ ಪರದೇಶೀ ವರ್ತಕರ ವ್ಯವಹಾರ ನೋಡಿಕೊಳ್ಳಲು ನಾಲ್ವರು ಬಂದರು ಅಧಿಕಾರಿಗಳಿದ್ದರು. ಅವರಲ್ಲೊಬ್ಬನು ಗುಜರಾತಿಗಳಿಗೇ ಮೀಸಲು. ಭಾರತದಿಂದ ಬಂದ ಸರಕಿಗೆ ಶೇ. 6ರ ಸುಂಕವಿತ್ತು. ತೆರಬೇಕಾದುದೆಷ್ಟು, ಅಹವಾಲು ಯಾರಲ್ಲಿ ಎಂಬುದು ವರ್ತಕನಿಗೆ ಮೊದಲೇ ತಿಳಿದಿರುತ್ತಿತ್ತು.

1511ರಲ್ಲಿ ಪೋರ್ಚುಗೀಸರು ನಗರವನ್ನು ಗೆದ್ದು ಕೋಟೆ ಕಟ್ಟಿದರು. ಆದರೆ ಮುಸ್ಲಿಂ ವರ್ತಕರನೇಕರು ಆಚೆ ಮೊದಲಾದ ಬಂದರುಗಳತ್ತ ತೆರಳಿದರು. ಬಂದರು ಕೈಸೇರಿತು, ವಿಶ್ವಾಸ ಕೈಜಾರಿತು. ಆ ಕೋಟೆಯ ಗುರುತಾಗಿ ಇಂದು ಪ್ರಧಾನವಾಗಿ ಕಾಣುವುದು ಒಂದು ಹೆಬ್ಬಾಗಿಲು ಮಾತ್ರ.