ಗರ್ಭಸ್ಥ ಶಿಶುವಿನ ಲಿಂಗಪತ್ತೆ: ಸಂಸಾರಕ್ಕೂ ಸಮಾಜಕ್ಕೂ ಒದಗಿದ ಹಾನಿ

ಮಾನವನು ತನ್ನ ಬುದ್ಧಿಬಲದಿಂದ ನಿರ್ಮಿಸಿಕೊಂಡ ಯಾವ ಸಾಧನವೂ ತನ್ನಷ್ಟಕ್ಕೆ ತಾನು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಒಂದೇ ಕುಡುಗೋಲು ಪೈರನ್ನೂ ಕೊಯ್ಯುತ್ತದೆ, ಎಚ್ಚರ ತಪ್ಪಿದವನ ಬೆರಳನ್ನೂ ಕೊಯ್ಯುತ್ತದೆ. ಕೊಳವೆ ಬಾವಿಯು ಒಣಭೂಮಿಗೆ ನೀರುಣಿಸಿತು. ಮಿತಿಯಿಲ್ಲದೆ ಕೊರೆದ ಕಡೆ ಅಂತರ್ಜಲವನ್ನೇ ಬತ್ತಿಸಿತು. ವೈದ್ಯವಿಜ್ಞಾನದ ಸಾಧನಗಳೂ ಈ ನಿಯಮಕ್ಕೆ ಹೊರತಲ್ಲ. ತಾಯಿ ಮತ್ತು ಮಗುವಿನ ಪ್ರಾಣವನ್ನು ಉಳಿಸಲೆಂದು ಬಂದ ಸ್ಕ್ಯಾನಿಂಗ್ ಯಂತ್ರವು ದುರಾಸೆಯುಳ್ಳವರ ಕೈಗೆ ಸಿಕ್ಕಿ, ಹೆಣ್ಣು ಮಗುವನ್ನು ಹುಟ್ಟುವ ಮೊದಲೇ ಇಲ್ಲವಾಗಿಸುವ ಸಾಧನವಾಯಿತು. ಇದರಿಂದ ಗಂಡ ಹೆಂಡಿರ ನಡುವಿನ ನಂಬಿಕೆಗೂ ಊರಿನ ಬಾಳಿಗೂ ಒದಗಿದ ಕೇಡು ಎಂತಹದು ಎಂಬುದನ್ನು ಪ್ರತಿಯೊಬ್ಬ ದಂಪತಿಗಳೂ ಅರಿತಿರುವುದು ಅವಶ್ಯಕ.

ಯಂತ್ರವು ಬಂದುದು ಏತಕ್ಕಾಗಿ?

ಸೆಕೆಂಡಿಗೆ ಸುಮಾರು 20,000 ಕಂಪನಗಳಿಗಿಂತ ಹೆಚ್ಚಿನ ಶಬ್ದವು ಮನುಷ್ಯನ ಕಿವಿಗೆ ಕೇಳಿಸುವುದಿಲ್ಲ. ಇಂತಹ ಶಬ್ದದ ಅಲೆಗಳನ್ನು ದೇಹದೊಳಕ್ಕೆ ಕಳುಹಿಸಿದರೆ ಅವು ಒಳಗಿನ ಅಂಗಗಳಿಗೆ ತಾಗಿ ಹಿಂದಿರುಗುತ್ತವೆ. ಹಿಂದಿರುಗಿದ ಅಲೆಗಳನ್ನು ಯಂತ್ರವು ಚಿತ್ರವಾಗಿ ತೋರಿಸುತ್ತದೆ. ಬಾವಲಿಯು ಕತ್ತಲೆಯಲ್ಲಿ ದಾರಿ ಕಂಡುಕೊಳ್ಳುವುದೂ ಇದೇ ರೀತಿಯಿಂದ. ಲೋಹದೊಳಗಿನ ಬಿರುಕುಗಳನ್ನು ಪತ್ತೆಮಾಡಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಈ ವಿಧಾನವನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ವೈದ್ಯಕೀಯಕ್ಕೆ ಅಳವಡಿಸಿ, 1958ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು.

ಈ ಪರೀಕ್ಷೆಯಿಂದ ಗರ್ಭಿಣಿಗೆ ದೊರೆಯುವ ಪ್ರಯೋಜನಗಳು ಹಲವು. ಗರ್ಭಕ್ಕೆ ಎಷ್ಟು ವಾರಗಳಾದವು, ಬಸಿರಿನಲ್ಲಿರುವುದು ಒಂದು ಶಿಶುವೋ ಅವಳಿಯೋ, ಮಾಸು ಕೆಳಗೆ ಬಂದು ಹೆರಿಗೆಯ ದಾರಿಗೆ ಅಡ್ಡವಾಗಿದೆಯೋ, ಶಿಶುವಿನ ಬೆಳವಣಿಗೆ ಸರಿಯಾಗಿದೆಯೋ, ಅಂಗಾಂಗಗಳಲ್ಲಿ ಗಂಭೀರ ದೋಷವಿದೆಯೋ ಎಂಬುದನ್ನು ವೈದ್ಯರು ಮುಂಚಿತವಾಗಿ ತಿಳಿಯಬಲ್ಲರು. ಮಾಸು ಅಡ್ಡವಿರುವುದು ಮೊದಲೇ ತಿಳಿದರೆ ಹೆರಿಗೆಗಾಗಿ ದೊಡ್ಡ ಆಸ್ಪತ್ರೆಗೆ ಸೇರಿಸಿ, ರಕ್ತಸ್ರಾವದಿಂದ ಸಾಯಬಹುದಾದ ತಾಯಿಯನ್ನು ಉಳಿಸಿಕೊಳ್ಳಬಹುದು. ಆದುದರಿಂದ ವೈದ್ಯರು ಸೂಚಿಸಿದಾಗ ಸ್ಕ್ಯಾನಿಂಗ್ ಮಾಡಿಸಿಕೊಳ್ಳಲು ಹಿಂಜರಿಯಬಾರದು. ಕೇಡಿರುವುದು ಪರೀಕ್ಷೆಯಲ್ಲಲ್ಲ, "ಗಂಡೋ ಹೆಣ್ಣೋ" ಎಂಬ ಪ್ರಶ್ನೆಯನ್ನು ಅದರ ಮುಂದಿಡುವುದರಲ್ಲಿ.

ದುರುಪಯೋಗವು ಆರಂಭವಾದ ಬಗೆ

ನಮ್ಮ ದೇಶದಲ್ಲಿ ಈ ದುರುಪಯೋಗವು ಮೊದಲು ಆರಂಭವಾದುದು ಗರ್ಭಜಲ ಪರೀಕ್ಷೆಯಿಂದ. ಶಿಶುವಿನ ಸುತ್ತಲಿರುವ ನೀರನ್ನು ಸೂಜಿಯಿಂದ ತೆಗೆದು ನಡೆಸುವ ಈ ಪರೀಕ್ಷೆಯು ಹುಟ್ಟು ದೋಷಗಳನ್ನು ಕಂಡುಹಿಡಿಯಲೆಂದು 1970ರ ದಶಕದ ಮಧ್ಯಭಾಗದಲ್ಲಿ ಬಂದಿತು. ಅದರಿಂದ ಶಿಶುವಿನ ಲಿಂಗವೂ ತಿಳಿಯುತ್ತದೆಂದು ಅರಿತ ಕೆಲವರು ಅದನ್ನೇ ವ್ಯಾಪಾರ ಮಾಡಿಕೊಂಡರು. ಮುಂದೆ ಕೊಡಬೇಕಾದ ವರದಕ್ಷಿಣೆಗೆ ಹೋಲಿಸಿದರೆ ಈಗ ಪರೀಕ್ಷೆಗೆ ತೆರುವ ಹಣ ಅತ್ಯಲ್ಪವೆಂದು ಉತ್ತರ ಮತ್ತು ಪಶ್ಚಿಮ ಭಾರತದ ಕೆಲವು ನಗರಗಳಲ್ಲಿ ಜಾಹೀರಾತುಗಳು ಕಾಣಿಸಿಕೊಂಡವು. ತರುವಾಯ ಸ್ಕ್ಯಾನಿಂಗ್ ಯಂತ್ರಗಳು ಅಗ್ಗವಾದವು, ಕಿರಿದಾದವು, ಕೈಯಲ್ಲಿ ಹೊತ್ತೊಯ್ಯುವಂತಾದವು. ನಗರದಲ್ಲಿದ್ದ ಕೇಡು ಹೋಬಳಿಯವರೆಗೂ ಬಂದಿತು.

ನಮ್ಮ ನಾಡಿನಲ್ಲಿ ಹೀಗಾಗದು ಎಂದು ಯಾರೂ ನೆಮ್ಮದಿಯಿಂದಿರುವಂತಿಲ್ಲ. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿರಿಸಿ ಲಿಂಗಪತ್ತೆ ಮಾಡುತ್ತಿದ್ದ ಜಾಲವೊಂದನ್ನು ಪೊಲೀಸರು 2023ರಲ್ಲಿ ಬಯಲಿಗೆಳೆದರು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ತಾಣವು ಇಂತಹ ಕೃತ್ಯಕ್ಕೆ ಮರೆಯಾಯಿತೆಂಬುದು ಇಡೀ ನಾಡನ್ನು ನಾಚಿಸಿತು.

ಚಿಕ್ಕ ಸಂಸಾರ ಮತ್ತು ಗಂಡಿನ ಹಂಬಲ

"ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ" ಎಂಬ ಮಾತು ಕುಟುಂಬ ಯೋಜನೆಯ ಘೋಷಣೆಯಾಗಿ ಮನೆಮಾತಾದುದನ್ನು ಹಿರಿಯರು ಬಲ್ಲರು. ಮಕ್ಕಳು ಎರಡೇ ಸಾಕು ಎಂಬುದು ಅದರ ಸಾರ. ಇಂದು ನಮ್ಮ ರಾಜ್ಯದ ದಂಪತಿಗಳು ಈ ಸಲಹೆಯನ್ನು ಬಹುಮಟ್ಟಿಗೆ ಒಪ್ಪಿದ್ದಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು. ಇದು ಸಂತೋಷದ ಸಂಗತಿಯೇ. ಆದರೆ ಆ ಮಾತನ್ನು ಹೀಗೂ ಅರ್ಥಮಾಡಿಕೊಂಡವರುಂಟು: ಎರಡರಲ್ಲಿ ಒಂದು ಗಂಡಾಗಲೇಬೇಕು. ಹಿಂದೆ ಗಂಡು ಮಗುವಿಗಾಗಿ ಐದಾರು ಹೆರಿಗೆಗಳವರೆಗೆ ಕಾಯುತ್ತಿದ್ದ ಮನೆಯವರು, ಸಂಸಾರವನ್ನು ಕಿರಿದು ಮಾಡಿಕೊಂಡರೂ ಹಂಬಲವನ್ನು ಕಿರಿದು ಮಾಡಿಕೊಳ್ಳಲಿಲ್ಲ. ಹಂಬಲಕ್ಕೆ ಯಂತ್ರವು ಜೊತೆಯಾಯಿತು. ಎರಡು ಮಕ್ಕಳಿರುವ ಮನೆಯಲ್ಲಿ ಇಬ್ಬರೂ ಹೆಣ್ಣಾಗಿದ್ದರೆ ಆ ಸಂಸಾರವು ಪೂರ್ಣವಲ್ಲವೆಂದು ಯಾವ ಶಾಸ್ತ್ರವೂ ಹೇಳಲಾರದು; ಕುಟುಂಬ ಕಲ್ಯಾಣದ ಆಶಯವೂ ಅದಲ್ಲ.

ಸಂಸಾರದೊಳಗೆ ಆಗುವ ಹಾನಿ

ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಸೊಸೆಯು ಎರಡನೆಯ ಬಾರಿ ಗರ್ಭಿಣಿ. ಮೊದಲನೆಯವಳು ಆರು ವರ್ಷದ ಹುಡುಗಿ. ಜಗುಲಿಯ ಮೇಲೆ ಕುಳಿತ ಅಜ್ಜಿಯು ಬಂದವರೊಡನೆ, "ಈ ಸಲವಾದರೂ ಗಂಡಾಗಲಿ ತಾಯಿ, ಹೆಣ್ಣಾದರೆ ಏನು ಗತಿ" ಎನ್ನುತ್ತಾಳೆ. ಬಾಗಿಲ ಬಳಿ ಆಡುತ್ತಿರುವ ಹುಡುಗಿಯೂ ಆ ಮಾತನ್ನು ಕೇಳುತ್ತಾಳೆ. ತಾನು ಈ ಮನೆಗೆ ಬೇಡವಾಗಿ ಬಂದವಳು ಎಂಬ ಪಾಠವು ಆ ಮಗುವಿಗೆ ಶಾಲೆಗೆ ಸೇರುವ ಮೊದಲೇ ದೊರೆಯುತ್ತದೆ.

ಒಳಗೆ ಸೊಸೆಯ ಸ್ಥಿತಿ ಇನ್ನೂ ಕಷ್ಟದ್ದು. ತನ್ನ ಬಸಿರಿನ ಬಗ್ಗೆ ತೀರ್ಮಾನಗಳನ್ನು ಬೇರೆಯವರು ಮಾಡುತ್ತಾರೆ. ಮಧ್ಯವರ್ತಿಯನ್ನು ಹುಡುಕುವವರು ಬೇರೆ, ಹಣ ಹೊಂದಿಸುವವರು ಬೇರೆ. ಕತ್ತಲಾದ ಮೇಲೆ ಗೊತ್ತಿಲ್ಲದ ಊರಿಗೆ ಗಾಡಿ ಹತ್ತಬೇಕಾದವಳು ಮಾತ್ರ ಆಕೆ. ಪತಿಯು ಆ ಹೊತ್ತಿನಲ್ಲಿ ಮೌನವಾಗಿದ್ದರೆ, ಆ ಮೌನವನ್ನು ಆಕೆಯು ಜೀವಮಾನದಲ್ಲಿ ಮರೆಯಲಾರಳು. ದಾಂಪತ್ಯವು ನಿಂತಿರುವುದು ಕಷ್ಟಕಾಲದಲ್ಲಿ ಇವರು ನನ್ನ ಪಕ್ಕದಲ್ಲಿರುತ್ತಾರೆ ಎಂಬ ಭರವಸೆಯ ಮೇಲೆ. ಅದು ಒಮ್ಮೆ ಮುರಿದರೆ, ಮುಂದೆ ಗಂಡು ಮಗುವೇ ಹುಟ್ಟಿದರೂ ಬೆಸೆಯುವುದು ಸುಲಭವಲ್ಲ.

ಮಗುವಿನ ಲಿಂಗಕ್ಕೆ ಯಾರು ಕಾರಣ?

ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂಷಿಸುವುದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಹೌದು. ನಮ್ಮ ದೇಹದ ಜೀವಕೋಶಗಳಲ್ಲಿ ವರ್ಣತಂತುಗಳ 23 ಜೊತೆಗಳಿವೆ. ಅವುಗಳಲ್ಲಿ ಒಂದು ಜೊತೆಯು ಲಿಂಗವನ್ನು ನಿರ್ಧರಿಸುತ್ತದೆ. ಸ್ತ್ರೀಯಲ್ಲಿ ಈ ಜೊತೆಯ ಎರಡೂ ಎಕ್ಸ್ ವರ್ಣತಂತುಗಳು. ಪುರುಷನಲ್ಲಿ ಒಂದು ಎಕ್ಸ್, ಇನ್ನೊಂದು ವೈ. ಆದುದರಿಂದ ತಾಯಿಯಿಂದ ಮಗುವಿಗೆ ಬರುವುದು ಯಾವಾಗಲೂ ಎಕ್ಸ್ ಮಾತ್ರ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ತಂದೆಯಿಂದ ಯಾವುದು ಬರುವುದೆಂಬುದು ಆತನ ಇಚ್ಛೆಗೂ ಒಳಪಟ್ಟದ್ದಲ್ಲ. ಹೀಗಿರುವಾಗ ತಪ್ಪು ತಾಯಿಯದೂ ಅಲ್ಲ, ತಂದೆಯದೂ ಅಲ್ಲ. ವಾಸ್ತವವಾಗಿ ಇದರಲ್ಲಿ ತಪ್ಪು ಎಂಬುದೇ ಇಲ್ಲ. ಗಂಡು ಹುಟ್ಟುವುದೆಂದು ಕೊಡುವ ಪುಡಿ, ಬೇರು, ಔಷಧಿಗಳಿಂದ ಇದು ಬದಲಾಗುವುದಿಲ್ಲ.

ತಾಯಿಯ ಪ್ರಾಣಕ್ಕೆ ಅಪಾಯ

ಲಿಂಗಪತ್ತೆಯ ನಂತರ ಗರ್ಭಪಾತಕ್ಕೆ ಕರೆದೊಯ್ಯುವುದು ಸಾಮಾನ್ಯವಾಗಿ ಮೂರು ತಿಂಗಳು ಕಳೆದ ಮೇಲೆ. ದಿನ ಕಳೆದಂತೆ ಗರ್ಭಪಾತದ ಅಪಾಯವು ಹೆಚ್ಚುತ್ತದೆ. ಕಳ್ಳತನದಲ್ಲಿ, ತರಬೇತಿಯಿಲ್ಲದವರ ಕೈಯಲ್ಲಿ, ಶುಚಿತ್ವವಿಲ್ಲದ ಕೋಣೆಯಲ್ಲಿ ಅದು ನಡೆದರೆ ವಿಪರೀತ ರಕ್ತಸ್ರಾವ, ಗರ್ಭಕೋಶಕ್ಕೆ ಗಾಯ, ನಂಜು, ಮುಂದೆ ಬಂಜೆತನ, ಕಡೆಗೆ ಮರಣವೂ ಸಂಭವಿಸಬಹುದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗರ್ಭಪಾತವೆಲ್ಲವೂ ಅಪರಾಧವಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆ ಮತ್ತು 2021ರಲ್ಲಿ ಅದಕ್ಕೆ ಆದ ತಿದ್ದುಪಡಿಯ ಪ್ರಕಾರ, ಕಾಯಿದೆಯಲ್ಲಿ ಹೇಳಿರುವ ಕಾರಣಗಳಿಗಾಗಿ, ಗೊತ್ತುಪಡಿಸಿದ ಅವಧಿಯೊಳಗೆ, ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಅರ್ಹ ವೈದ್ಯರಿಂದ ಗರ್ಭಪಾತ ಮಾಡಿಸಿಕೊಳ್ಳಲು ಸ್ತ್ರೀಗೆ ಅವಕಾಶವಿದೆ. ವಯಸ್ಕ ಸ್ತ್ರೀಯಾದರೆ ಆಕೆಯ ಒಪ್ಪಿಗೆಯೊಂದೇ ಸಾಕು. ಅಪರಾಧವಾಗುವುದು ಹೆಣ್ಣೆಂಬ ಕಾರಣಕ್ಕಾಗಿ ಆರಿಸಿ ತೆಗೆಸುವುದು.

ಸಮಾಜದ ಸಮತೋಲ ತಪ್ಪಿದಾಗ

ಪ್ರಕೃತಿಯಲ್ಲಿ ಸಾಮಾನ್ಯವಾಗಿ 1,000 ಗಂಡು ಮಕ್ಕಳು ಹುಟ್ಟಿದರೆ ಸುಮಾರು 950 ಹೆಣ್ಣು ಮಕ್ಕಳು ಹುಟ್ಟುತ್ತವೆ. ಶೈಶವದಲ್ಲಿ ಗಂಡು ಶಿಶುಗಳು ಸ್ವಲ್ಪ ಹೆಚ್ಚಾಗಿ ಸಾಯುವುದರಿಂದ ಈ ಅಂತರವು ಮುಂದೆ ಕಡಿಮೆಯಾಗಬೇಕು. ಆದರೆ ಭಾರತದಲ್ಲಿ ಆರು ವರ್ಷದವರೆಗಿನ 1,000 ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳ ಸಂಖ್ಯೆಯು 1981ರಲ್ಲಿ 962 ಇದ್ದುದು 1991ರಲ್ಲಿ 945, 2001ರಲ್ಲಿ 927, 2011ರಲ್ಲಿ 918 ಆಯಿತು. ಪಂಜಾಬಿನಲ್ಲಿ 2001ರಲ್ಲಿ ಅದು 798ಕ್ಕೆ, ಹರಿಯಾಣದಲ್ಲಿ 819ಕ್ಕೆ ಇಳಿದಿತ್ತು. ಕರ್ನಾಟಕದಲ್ಲಿ 1981ರಲ್ಲಿ 975 ಇದ್ದುದು 2001ರಲ್ಲಿ 946 ಆಗಿ, 2011ರಲ್ಲಿ 948ಕ್ಕೆ ನಿಂತಿತು.

ಹುಟ್ಟದೇ ಹೋದ ಹೆಣ್ಣು ಮಗುವಿನ ಲೆಕ್ಕವು ಇಪ್ಪತ್ತೈದು ವರ್ಷಗಳ ನಂತರ ಊರಿನ ಬಾಗಿಲಿಗೆ ಬರುತ್ತದೆ. ಹರಿಯಾಣದ ಹಳ್ಳಿಗಳಲ್ಲಿ ವಧು ದೊರೆಯದೆ ಅಸ್ಸಾಂ, ಪಶ್ಚಿಮ ಬಂಗಾಳ, ಒಡಿಶಾ ಮುಂತಾದ ದೂರದ ರಾಜ್ಯಗಳಿಂದ ಬಡ ಹೆಣ್ಣು ಮಕ್ಕಳನ್ನು, ಎಷ್ಟೋ ಸಲ ಹಣ ಕೊಟ್ಟು, ಕರೆತರುವಂತಾಯಿತು. ಭಾಷೆ ತಿಳಿಯದ, ತವರಿನ ಆಸರೆಯಿಲ್ಲದ ಆ ಹೆಣ್ಣು ಮಕ್ಕಳ ಪಾಡು ಹೇಳತೀರದು. ನಮ್ಮಲ್ಲಿಯೂ 2023ರ ಫೆಬ್ರವರಿಯಲ್ಲಿ ಮದುವೆಗೆ ಹೆಣ್ಣು ಸಿಗದ ರೈತ ಯುವಕರು ಮಂಡ್ಯ ಜಿಲ್ಲೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಬೇಸಾಯಗಾರನಿಗೆ ಮಗಳನ್ನು ಕೊಡಲು ತಂದೆತಾಯಿಗಳು ಹಿಂಜರಿಯುವುದೂ ಇದಕ್ಕೊಂದು ಕಾರಣ. ಆದರೆ ಹೆಣ್ಣು ಮಕ್ಕಳ ಸಂಖ್ಯೆಯೇ ಕಡಿಮೆಯಾದಲ್ಲಿ ಇಂತಹ ಕಷ್ಟವು ಇಮ್ಮಡಿಯಾಗುವುದು ನಿಶ್ಚಯ. ಮೊಮ್ಮಗಳನ್ನು ಬೇಡವೆಂದ ಊರಿಗೆ ಸೊಸೆ ಎಲ್ಲಿಂದ ಬಂದಾಳು?

ಕಾನೂನು ಹೇಳುವುದೇನು?

ಲಿಂಗಪತ್ತೆಯನ್ನು ತಡೆಯಲು ಮಹಾರಾಷ್ಟ್ರವು 1988ರಲ್ಲಿ ಕಾಯಿದೆ ಮಾಡಿತು. ಕೇಂದ್ರದ ಕಾಯಿದೆಯು 1994ರಲ್ಲಿ ಅಂಗೀಕಾರವಾಗಿ 1996ರ ಜನವರಿ 1ರಿಂದ ಜಾರಿಗೆ ಬಂದಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಅದರ ಮುಖ್ಯ ಅಂಶಗಳು ಇವು:

1. ಗರ್ಭದಲ್ಲಿರುವ ಶಿಶುವಿನ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರೆ ಯಾವುದೇ ರೀತಿಯಿಂದಾಗಲಿ ತಿಳಿಸುವುದು ಅಪರಾಧ.

2. ನೋಂದಣಿಯಾಗದ ಸ್ಥಳದಲ್ಲಿ ಇಂತಹ ಯಂತ್ರವನ್ನು ಬಳಸುವಂತಿಲ್ಲ. ಲಿಂಗಪತ್ತೆಯ ಬಗ್ಗೆ ಜಾಹೀರಾತು ನೀಡುವಂತಿಲ್ಲ.

3. ತಪ್ಪು ಮಾಡಿದ ವೈದ್ಯರಿಗೆ ಮೊದಲ ಅಪರಾಧಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 10,000 ರೂಪಾಯಿಗಳವರೆಗೆ ದಂಡ.

4. ಲಿಂಗಪತ್ತೆಯನ್ನು ಕೇಳಿ ಹೋದ ಪತಿ ಅಥವಾ ಬಂಧುಗಳಿಗೂ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳವರೆಗೆ ದಂಡ.

5. ಗರ್ಭಿಣಿಯನ್ನು ಪತಿ ಅಥವಾ ಬಂಧುಗಳು ಬಲವಂತಪಡಿಸಿದ್ದಾರೆಂದೇ, ಬೇರೆ ರೀತಿ ಸಿದ್ಧವಾಗುವವರೆಗೆ, ನ್ಯಾಯಾಲಯವು ಭಾವಿಸುತ್ತದೆ. ಬಲವಂತಕ್ಕೊಳಗಾದ ಸ್ತ್ರೀಗೆ ಶಿಕ್ಷೆಯಿಲ್ಲ.

ದಂಪತಿಗಳು ಮಾಡಬೇಕಾದುದೇನು?

ಮದುವೆಯಾದ ಹೊಸತರಲ್ಲಿಯೇ ಪತಿಪತ್ನಿಯರು ಕುಳಿತು ಮಾತನಾಡಿಕೊಳ್ಳಿ: ನಮಗೆ ಎಷ್ಟು ಮಕ್ಕಳು ಬೇಕು, ಎಷ್ಟು ಅಂತರದಲ್ಲಿ ಬೇಕು, ಗಂಡಾಗಲಿ ಹೆಣ್ಣಾಗಲಿ ಹೇಗೆ ಬೆಳೆಸಬೇಕು. ಮೊದಲೇ ಒಮ್ಮತಕ್ಕೆ ಬಂದ ದಂಪತಿಗಳ ಮುಂದೆ ಹೊರಗಿನವರ ಒತ್ತಾಯವು ನಡೆಯುವುದಿಲ್ಲ. ಹಿರಿಯರು ಒತ್ತಾಯಿಸಿದರೆ ಉತ್ತರ ಹೇಳುವ ಹೊಣೆಯು ಪತಿಯದು. ಅದನ್ನು ಪತ್ನಿಯ ಮೇಲೆ ಹೊರಿಸಬಾರದು. "ಅಮ್ಮಾ, ಯಾವ ಮಗುವಾದರೂ ನಮ್ಮದೇ, ಆ ಮಾತು ಇನ್ನು ಬೇಡ" ಎಂದು ಮಗನು ವಿನಯದಿಂದ, ಆದರೆ ದೃಢವಾಗಿ ಹೇಳಿದರೆ ಮನೆಯ ಗಾಳಿಯೇ ಬದಲಾಗುತ್ತದೆ.

ಗರ್ಭಿಣಿಯ ಹೆಸರನ್ನು ಆದಷ್ಟು ಬೇಗ ಆಶಾ ಕಾರ್ಯಕರ್ತೆಯ ಮೂಲಕ ನೋಂದಾಯಿಸಿ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿರುತ್ತದೆ. ಪತಿಯೂ ಜೊತೆಯಲ್ಲಿ ಬರುವುದು ಲೇಸು. ಲಿಂಗಪತ್ತೆ ಮಾಡಿಸಿಕೊಡುವೆನೆಂದು ಬರುವ ಮಧ್ಯವರ್ತಿಯ ವಿಷಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗಾಗಲಿ ಪೊಲೀಸರಿಗಾಗಲಿ ತಿಳಿಸಿ. ಬಲವಂತಕ್ಕೊಳಗಾದ ಸ್ತ್ರೀಯು 181 ಸಂಖ್ಯೆಯ ಮಹಿಳಾ ಸಹಾಯವಾಣಿಗೆ ಕರೆ ಮಾಡಬಹುದು.

ಮುಪ್ಪಿನಲ್ಲಿ ಮಗನೊಬ್ಬನೇ ಆಸರೆ ಎಂಬುದು ಹಳೆಯ ಭಾವನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ನೀಡಿದೆ. ತಂದೆತಾಯಿಗಳನ್ನು ಪೋಷಿಸುವ ಹೊಣೆಯನ್ನು 2007ರ ಕಾಯಿದೆಯು ಮಗ ಮಗಳಿಬ್ಬರ ಮೇಲೂ ಇರಿಸಿದೆ. ಮಗಳನ್ನು ಓದಿಸಿ, ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡಿ, ವರದಕ್ಷಿಣೆ ಕೇಳುವ ಮನೆಗೆ ಆಕೆಯನ್ನು ಕೊಡದಿದ್ದರೆ, ಹೆಣ್ಣು ಹೊರೆಯೆಂಬ ಮಾತಿಗೆ ಅರ್ಥವೇ ಉಳಿಯದು.

ಯಂತ್ರಗಳು ಇನ್ನು ಮುಂದೆಯೂ ಬರುತ್ತವೆ. ಇಂದಿನವುಗಳಿಗಿಂತ ಸೂಕ್ಷ್ಮವಾಗಿ, ಬೇಗನೆ ಎಲ್ಲವನ್ನೂ ತಿಳಿಸುತ್ತವೆ. ಮಗುವು ಆರೋಗ್ಯವಾಗಿದೆಯೇ ಎಂಬುದನ್ನು ಯಂತ್ರವು ಹೇಳಬಲ್ಲದು. ಅದು ಬೇಕಾದ ಮಗುವೋ ಬೇಡವಾದ ಮಗುವೋ ಎಂಬುದನ್ನು ತಂದೆತಾಯಿಗಳ ಮನಸ್ಸೇ ನಿರ್ಧರಿಸಬೇಕು. ಸ್ಕ್ಯಾನಿಂಗ್ ಕೋಣೆಗೆ ಹೋದಾಗ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ತಾಯಿ, ಮಗು ಇಬ್ಬರೂ ಕ್ಷೇಮವೇ?"