ಮೇಷ್ಟ್ರಿಗೆಂದು ಹುಟ್ಟಿದ ಶಾಲೆ

ಅಮೆರಿಕದ ಚಾರ್ಟರ್ ಶಾಲೆಗಳ ಮೇಲೆ ಹೆಚ್ಚು ಹರಿಹಾಯುವವರು ಅಲ್ಲಿನ ಶಿಕ್ಷಕರ ಸಂಘದವರು. ತಮಾಷೆಯೆಂದರೆ, ಆ ಶಾಲೆಗಳ ಕಲ್ಪನೆಗೆ ಹೆಸರು ತಂದುಕೊಟ್ಟವರೂ ಅಂಥದೇ ಸಂಘವೊಂದರ ಅಧ್ಯಕ್ಷರು.

ಜರ್ಮನಿಯ ಕಲೋನ್‌ನಲ್ಲಿ ಆ ಅಧ್ಯಕ್ಷರಾದ ಆಲ್ಬರ್ಟ್ ಶಾಂಕರ್ ಒಂದು ಶಾಲೆ ನೋಡಿದ್ದರು. ಅಲ್ಲಿ ಶಿಕ್ಷಕರ ತಂಡ ಒಂದೇ ಮಕ್ಕಳ ಗುಂಪಿನೊಂದಿಗೆ ಆರು ವರ್ಷ ಸಾಗುತ್ತಿತ್ತು. ಏನು, ಯಾವಾಗ, ಹೇಗೆ ಕಲಿಸಬೇಕೆಂದು ತಾನೇ ತೀರ್ಮಾನಿಸುತ್ತಿತ್ತು. ಇಂಥ ಸ್ವಾತಂತ್ರ್ಯ ನಮ್ಮ ಶಿಕ್ಷಕರಿಗೂ ಸಿಗಲಿ ಎಂದು 1988ರಲ್ಲಿ ಅವರು ವಾಷಿಂಗ್ಟನ್ನಿನಲ್ಲಿ ಭಾಷಣ ಮಾಡಿದರು. 1991ರಲ್ಲಿ ಮಿನೆಸೋಟ ರಾಜ್ಯ ಚಾರ್ಟರ್ ಶಾಲೆಗಳ ಮೊದಲ ಕಾನೂನು ತಂದಿತು. ಶಾಲೆಯ ಆಡಳಿತ ಮಂಡಳಿಯಲ್ಲಿ ಶಿಕ್ಷಕರದೇ ಬಹುಮತ ಇರಬೇಕೆಂದು ಅದು ವಿಧಿಸಿತ್ತು. ಮರುವರ್ಷ ಅಲ್ಲಿನ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಎಂಬ ಚಾರ್ಟರ್ ಶಾಲೆ ತೆರೆಯಿತು, ಓದು ಬಿಟ್ಟ ಹುಡುಗ ಹುಡುಗಿಯರಿಗಾಗಿ.

ವ್ಯವಸ್ಥೆ ಸರಳ. ಒಂದು ಸಂಸ್ಥೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಸರ್ಕಾರದ ಪರವಾದ ಪ್ರಾಧಿಕಾರದ ಜೊತೆ ಶಾಲೆ ನಡೆಸಲು ಚಾರ್ಟರ್ ಎಂಬ ಕರಾರು ಮಾಡಿಕೊಳ್ಳುತ್ತದೆ. ನಮ್ಮ ಅನುದಾನಿತ ಶಾಲೆಗಳಿಗೆ ಸರ್ಕಾರದಿಂದ ಶಿಕ್ಷಕರ ಸಂಬಳ ಬರುತ್ತದೆ. ಅಲ್ಲಿ ಹಣ ಬರುವುದು ಮಕ್ಕಳ ತಲೆ ಎಣಿಸಿ. ಶುಲ್ಕವಿಲ್ಲ, ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ. ನೇಮಕಾತಿ, ವೇಳಾಪಟ್ಟಿಗಳ ಎಷ್ಟೋ ನಿಯಮಗಳಿಂದ ವಿನಾಯಿತಿ. ಕರಾರಿನ ಫಲಿತಾಂಶ ಬಾರದಿದ್ದರೆ ಬಾಗಿಲು ಮುಚ್ಚಬೇಕು. ತಕರಾರು ಹುಟ್ಟುವುದೂ ಈ ಹಣದ ಲೆಕ್ಕದಲ್ಲೇ: ತರಗತಿಯಿಂದ ನಾಲ್ಕು ಮಕ್ಕಳು ಹೋದರೆ ಅವರ ಹಣವೂ ಹೋಗುತ್ತದೆ, ಹಳೆಯ ಶಾಲೆಯ ಕಟ್ಟಡ, ಬಸ್ಸು, ಮೇಷ್ಟ್ರ ಖರ್ಚು ಹಾಗೇ ಉಳಿಯುತ್ತದೆ.

ಬೇರೆ ರಾಜ್ಯಗಳ ಕಾನೂನುಗಳಲ್ಲಿ ಶಿಕ್ಷಕರ ಬಹುಮತದ ಮಾತು ಕಾಣೆಯಾಯಿತು. ಸ್ವಾತಂತ್ರ್ಯ ಸಿಕ್ಕಿದ್ದು ಆಡಳಿತ ಸಂಸ್ಥೆಗಳಿಗೆ, ಕೆಲವೆಡೆ ಲಾಭಕ್ಕೆ ದುಡಿಯುವ ಕಂಪನಿಗಳಿಗೆ. ಶಾಂಕರ್ ತಾವೇ ಟೀಕಾಕಾರರಾದರು.

ನ್ಯೂ ಆರ್ಲಿಯನ್ಸ್‌ನಲ್ಲಿ ಚಾರ್ಟರ್ ಪ್ರಯೋಗ ತುದಿ ಮುಟ್ಟಿತು. 2005ರ ಕತ್ರೀನಾ ಚಂಡಮಾರುತದ ನಂತರ ಲೂಸಿಯಾನ ರಾಜ್ಯ ಹೆಚ್ಚಿನ ಶಾಲೆಗಳನ್ನು ಕೈಗೆ ತೆಗೆದುಕೊಂಡು ಕ್ರಮೇಣ ಚಾರ್ಟರಿಗೆ ವಹಿಸಿತು. ಸುಮಾರು ಏಳು ಸಾವಿರ ನೌಕರರು ಕೆಲಸ ಕಳೆದುಕೊಂಡರು. ಅವರಲ್ಲಿ ಬಹುಪಾಲು ಕಪ್ಪು ಜನ, ಆ ಊರಿನ ಮಧ್ಯಮ ವರ್ಗದ ಆಧಾರ. ಮಕ್ಕಳ ಅಂಕ ಏರಿತು, ಪ್ರೌಢಶಾಲೆ ಮುಗಿಸುವವರೂ ಹೆಚ್ಚಿದರು. ಈ ನಷ್ಟ, ಈ ಲಾಭ ಎರಡನ್ನೂ ಒಟ್ಟಿಗೆ ಹೇಳದವರ ಮಾತು ನನಗೆ ಅರ್ಧ ಸುಳ್ಳೆನಿಸುತ್ತದೆ.

ದೇಶದ ಒಟ್ಟು ಫಲಿತಾಂಶವೂ ಏಕಮುಖವಲ್ಲ. 2009ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಗಣಿತದಲ್ಲಿ ಶೇ 17ರಷ್ಟು ಚಾರ್ಟರ್ ಶಾಲೆಗಳು ಸಾಮಾನ್ಯ ಸರ್ಕಾರಿ ಶಾಲೆಗಳಿಗಿಂತ ಮುಂದೆ, ಶೇ 37 ಹಿಂದೆ ಇದ್ದವು. 2023ರ ವೇಳೆಗೆ ಸರಾಸರಿಯಲ್ಲಿ ಚಾರ್ಟರ್ ತುಸು ಮುಂದೆ, ಆನ್‌ಲೈನ್ ಚಾರ್ಟರುಗಳು ಮಾತ್ರ ತೀರಾ ಹಿಂದೆ.

2024ರಲ್ಲಿ ನ್ಯೂ ಆರ್ಲಿಯನ್ಸ್‌ನ ಶಿಕ್ಷಣ ಮಂಡಳಿ ಚಾರ್ಟರಿಗೆ ವಹಿಸದೆ ತಾನೇ ನೇರವಾಗಿ ನಡೆಸುವ ಶಾಲೆಯೊಂದನ್ನು ತೆರೆಯಿತು. ಅದಕ್ಕಿಟ್ಟಿರುವುದು ಊರಿನ ಹೆಸರಾಂತ ಬಾಣಸಿಗಿತ್ತಿ ಲಿಯಾ ಚೇಸ್ ಅವರ ಹೆಸರು.